ಸಿಡಿ 100 ಟೈಮಿಂಗ್ ಚೈನ್ ಸದ್ದು: ಆಟೋ ಟೆನ್ಷನರ್ ಕಿತ್ತು ಮ್ಯಾನುಯಲ್ ಮಾಡಿಸಬಹುದಾ?

ನಾಪೋಕ್ಲು ಸಿಡಿ

ಎಲ್ಲರಿಗೂ ನಮಸ್ಕಾರ. ಅಪ್ಪ ಎಸ್ಟೇಟ್‌ನಲ್ಲಿ ರೈಟರ್ ಆಗಿದ್ದಾಗ ತಗೊಂಡ 1987ರ ಹೀರೋ ಹೋಂಡಾ ಸಿಡಿ 100 ನಮ್ಮನೇಲಿದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆಯ್ತಲ್ಲ, ಆಗ ಷೆಡ್ಡಿಗೆ ತಳ್ಳಿದ್ದು. ಆಮೇಲೆ ಅಪ್ಪನಿಗೆ ಮಂಡಿನೋವು, ಗಾಡಿ ಅಲ್ಲೇ ಉಳೀತು. ಈ ಸಲ ಕಾಫಿ ಕುಯ್ಲು ಮುಗಿದ ಮೇಲೆ ಹೊರಗೆ ತೆಗೆದೆ. ಕಾರ್ಬುರೇಟರ್ ಬಿಚ್ಚಿ ತೊಳೆದು, ಪ್ಲಗ್ ಬದಲಾಯಿಸಿ, ಆಯಿಲ್ ಹಾಕಿದ್ದೇ ತಡ, ಮೂರನೇ ಕಿಕ್ಕಿಗೆ ಸ್ಟಾರ್ಟು. ಅಪ್ಪ ಜಗಲೀಲಿ ಕೂತಿದ್ದವರು ಎದ್ದು ನಿಂತ್ರು.

ಸಮಸ್ಯೆ ಏನಂದ್ರೆ ಎಡಗಡೆಯಿಂದ ಗಲಗಲ ಸದ್ದು. ತಗಡಿನ ಡಬ್ಬದಲ್ಲಿ ಒಣ ಕಾಫಿ ಬೀಜ ಹಾಕಿ ಅಲ್ಲಾಡಿಸಿದ ಹಾಗೆ. ಐಡಲ್‌ನಲ್ಲಿ ಜಾಸ್ತಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ರೆ ಕಮ್ಮಿ, ಬಿಟ್ಟ ತಕ್ಷಣ ಒಂದು ಸಲ ಜೋರಾಗಿ ಬಂದು ಮತ್ತೆ ಹಾಗೇ. ಪೇಟೆಯ ಮೆಕ್ಯಾನಿಕ್ ಒಬ್ಬರು ಕಿವಿ ಕೊಟ್ಟು ಕೇಳಿ "ಟೈಮಿಂಗ್ ಚೈನ್, ಕೆಳಗಿನ ಕ್ರ್ಯಾಂಕಿಂದ ವಾಲ್ವ್ ಒತ್ತೋ ಕ್ಯಾಮನ್ನ ತಿರುಗಿಸೋದು. ಅದನ್ನ ಬಿಗಿಯಾಗಿ ಹಿಡಿಯೋ ಟೆನ್ಷನರ್ ಇದರದ್ದು ಆಟೋಮ್ಯಾಟಿಕ್, ನಂಬೋ ಹಾಗಿಲ್ಲ. ಕೆಳಗಿನ ಬೋಲ್ಟ್ ಕೊರೆದು ಉದ್ದ ಸ್ಕ್ರೂ ಹಾಕಿ ಲಾಕ್ ನಟ್ ಕೊಡ್ತೀನಿ, ಸದ್ದು ಬಂದಾಗ ಅರ್ಧ ಸುತ್ತು ತಿರುಗಿಸಿಕೊಳ್ಳಿ" ಅಂದ್ರು. ಮಾಡಿಸಲಾ? ಮಾಡಿಸಿದವರು ಯಾರಾದ್ರೂ ಇದ್ದೀರಾ?

ಟೂ ಸ್ಟ್ರೋಕ್ ಭಕ್ತ

ಆರ್‌ಎಕ್ಸ್ 100 ತಗೊಳ್ಳಿ. ಕ್ಯಾಮ್ ಇಲ್ಲ, ವಾಲ್ವ್ ಇಲ್ಲ, ಟೈಮಿಂಗ್ ಚೈನ್ ಇಲ್ಲ, ಟೆನ್ಷನ್ನೂ ಇಲ್ಲ.

ಗ್ಯಾರೇಜ್ ಮಾವ, ಗೋಣಿಕೊಪ್ಪ

ತಮ್ಮಾ, ಕೊರೆಯೋದು ಆಮೇಲೆ. ಮೊದಲು ಸದ್ದು ಯಾರದ್ದು ಅಂತ ನೋಡು. ಮೂವತ್ತು ವರ್ಷ ಈ ಕೆಲಸ ಮಾಡಿ ಈಗ ಷಟರ್ ಎಳೆದಿದ್ದೀನಿ. ವಾಲ್ವ್ ತಲೆ ಮೇಲಿನ ಟ್ಯಾಪೆಟ್ ಸದ್ದನ್ನ ಟೈಮಿಂಗ್ ಚೈನ್ ಅಂತ ಹೆಡ್ ಬಿಚ್ಚಿಸಿಕೊಂಡವರನ್ನ ಎಷ್ಟು ನೋಡಿದ್ದೀನೋ.

ಟ್ಯಾಪೆಟ್ ಲೆಕ್ಕಾಚಾರದ ಮನುಷ್ಯ. ಟಿಕ್ ಟಿಕ್ ಟಿಕ್, ಗಡಿಯಾರದ ಹಾಗೆ, ಆಕ್ಸಿಲರೇಟರ್ ಕೊಟ್ಟಷ್ಟು ಬೇಗ ಬೇಗ. ಚೈನಿಗೆ ತಾಳ ಇಲ್ಲ. ಐಡಲ್‌ನಲ್ಲಿ ಒದರುತ್ತೆ, ರೇಸ್ ಕೊಟ್ರೆ ಸುಮ್ಮನಾಗುತ್ತೆ, ಬಿಟ್ಟಾಗ ಮತ್ತೆ ಬೈಯುತ್ತೆ. ನೀನು ಬರೆದಿರೋದು ಚೈನ್ ಥರಾನೇ ಇದೆ. ಆದ್ರೂ ಒಂದು ಸಲ ಕ್ಲಚ್ ಹಿಡಿದು ನೋಡು. ಹಿಡಿದಾಗ ಸದ್ದು ನಿಂತ್ರೆ ಅದು ಕ್ಲಚ್ ಮನೆಯದ್ದು, ಬಲಗಡೆಯದ್ದು. ನಿಲ್ಲದೇ ಇದ್ರೆ ಉದ್ದನೆಯ ಸ್ಕ್ರೂಡ್ರೈವರ್ ತಗೊಂಡು ತುದಿಯನ್ನ ಹೆಡ್‌ನ ಎಡಗಡೆ ಇಟ್ಟು ಹಿಡಿ ಕಿವಿಗೆ ಒತ್ತು. ಅಲ್ಲಿಂದ ಕೆಳಗೆ, ಕರೆಂಟ್ ಹುಟ್ಟಿಸೋ ಮ್ಯಾಗ್ನೆಟ್ಟಿನ ಕವರ್‌ವರೆಗೆ ಇಳಿಸ್ತಾ ಬಾ. ಎಲ್ಲಿ ಜೋರು ಅಂತ ಬರಿ.

ಕೆಳಗೆ ಬೋಲ್ಟ್ ಕೊರೆಯೋರ ಹತ್ತಿರ ಗಾಡಿ ಬಿಡಬೇಡ. ಆ ಬೋಲ್ಟ್ ಹಿಂದೆ ಏನಿದೆ ಅಂತ ಅವರಿಗೆ ಗೊತ್ತಿದ್ರೆ ಆ ಮಾತು ಬರ್ತಿರಲಿಲ್ಲ.

ಸಿಬಿ ಟ್ವಿನ್, ಸೋಮವಾರಪೇಟೆ

ಮಾವ ಹೇಳಿದ್ದರ ಮೊದಲರ್ಧ ಸರಿ. ಆದ್ರೆ ಮ್ಯಾನುಯಲ್ ಅಂದ ಕೂಡಲೇ ಹಾಗೆ ತಳ್ಳಿಹಾಕೋದು ಬೇಡ. ನಂದು 1971ರ ಹೋಂಡಾ ಸಿಬಿ 350, ಎರಡು ಸಿಲಿಂಡರ್. ಟೆನ್ಷನರ್ ಸಿಲಿಂಡರ್ ಹಿಂದೆ ಇದೆ, ಬೋಲ್ಟ್ ಮತ್ತೆ ಲಾಕ್ ನಟ್. ಆಯಿಲ್ ಬದಲಾಯಿಸೋವಾಗ ಒಂದು ಸಲ ಸಡಿಲಿಸಿ ಬಿಗಿ ಮಾಡ್ತೀನಿ, ಐದು ನಿಮಿಷದ ಕೆಲಸ. ಒಳಗೆ ಏನಾಗ್ತಿದೆ ಅಂತ ಕೈಗೆ ಗೊತ್ತಾಗುತ್ತೆ. ಆಟೋಮ್ಯಾಟಿಕ್ ಆದ್ರೆ ಯಾವತ್ತು ಕೈ ಕೊಡುತ್ತೋ ಅದಕ್ಕೇ ಗೊತ್ತು. ಹೋಂಡಾದ್ದೇ ವಿಟಿಆರ್ 1000 ಇದೆಯಲ್ಲ, ಅದರ ಆಟೋ ಟೆನ್ಷನರ್ ಸ್ಪ್ರಿಂಗ್ ಮುರಿದು ಚೈನ್ ಹಲ್ಲು ಹಾರಿ ವಾಲ್ವ್ ಪಿಸ್ಟನ್ನಿಗೆ ಬಡಿದ ಕತೆ ಲೋಕಕ್ಕೆಲ್ಲ ಗೊತ್ತು. ಎಷ್ಟೋ ಜನ ಕಿತ್ತು ಮ್ಯಾನುಯಲ್ ಹಾಕಿಕೊಂಡ್ರು. ಸುಮ್ಮನೆ ಹಾಕಿಕೊಂಡ್ರಾ?

ಬುಲೆಟ್ ಪೊನ್ನಂಪೇಟೆ

ನಮ್ಮ ಹಳೇ ಬುಲೆಟ್‌ಗೆ ಮೊದಲಿಂದಲೂ ಮ್ಯಾನುಯಲ್ ಚೈನ್ ಟೆನ್ಷನರ್. ನಲವತ್ತು ವರ್ಷ ಆಯ್ತು, ಏನೂ ಆಗಿಲ್ಲ.

ಗ್ಯಾರೇಜ್ ಮಾವ, ಗೋಣಿಕೊಪ್ಪ

ಅದು ಪ್ರೈಮರಿ ಚೈನ್ ಕಣಪ್ಪ. ಕ್ರ್ಯಾಂಕಿಂದ ಕ್ಲಚ್ಚಿಗೆ ಹೋಗೋದು. ಹಳೇ ಬುಲೆಟ್ಟಿಗೆ ಟೈಮಿಂಗ್ ಚೈನೇ ಇಲ್ಲ. ಕ್ಯಾಮ್ ಕೆಳಗೇ ಇದೆ, ಗೇರಿಂದ ತಿರುಗುತ್ತೆ, ಮೇಲಕ್ಕೆ ಪುಷ್‌ರಾಡ್. ಎನ್‌ಫೀಲ್ಡ್‌ನಲ್ಲಿ ಹೆಡ್ ಮೇಲೆ ಕ್ಯಾಮ್ ನೋಡಬೇಕಾದ್ರೆ 2016ರ ಹಿಮಾಲಯನ್‌ಗೆ ಬಾ.

ಬುಲೆಟ್ ಪೊನ್ನಂಪೇಟೆ

ಹೌದಾ! ಇಷ್ಟು ವರ್ಷ ಅದನ್ನೇ ಟೈಮಿಂಗ್ ಅಂದ್ಕೊಂಡಿದ್ದೆ. ಸರಿ, ನಾನು ಓದ್ತೀನಿ, ನೀವು ಮುಂದುವರಿಸಿ.

ಕಣಿಲೆ

ನಾನು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಪಾಠ ಮಾಡ್ತೀನಿ, ಮನೇಲಿ ಒಂದು ಹಳೇ ಸ್ಪ್ಲೆಂಡರ್ ಇದೆ. ಇಲ್ಲಿ 'ಮ್ಯಾನುಯಲ್' ಅನ್ನೋ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸಾಮಾನು ಸೇರಿಕೊಂಡಿವೆ. ಅದಕ್ಕೇ ಜಗಳ.

ಸಿಬಿ ಟ್ವಿನ್ ಅವರದ್ದು ನಿಜವಾಗಿ ಅರ್ಧ ಮ್ಯಾನುಯಲ್. ಎಷ್ಟು ಒತ್ತಬೇಕು ಅಂತ ತೀರ್ಮಾನ ಮಾಡೋದು ಒಳಗಿನ ಸ್ಪ್ರಿಂಗ್. ನೀವು ಬೋಲ್ಟ್ ಸಡಿಲಿಸಿದಾಗ ಅದು ತಾನೇ ಮುಂದೆ ಹೋಗಿ ನಿಲ್ಲುತ್ತೆ, ನೀವು ನಿಂತಲ್ಲೇ ಬೀಗ ಹಾಕ್ತೀರಿ, ಅಷ್ಟೇ. 1969ರ ಸಿಬಿ 750ದೂ ಇದೇ ಜಾತಿ. ಅದರಲ್ಲಿ ಕ್ರ್ಯಾಂಕನ್ನ ಒಂದನೇ ಸಿಲಿಂಡರಿನ ಟಿಡಿಸಿ (ಪಿಸ್ಟನ್ ತೀರಾ ಮೇಲಕ್ಕೆ ಬಂದು ನಿಲ್ಲೋ ಜಾಗ) ದಾಟಿಸಿ 15 ಡಿಗ್ರಿ ಮುಂದೆ ನಿಲ್ಲಿಸಿ ಮಾಡಬೇಕು, ಯಾಕಂದ್ರೆ ಆ ಜಾಗದಲ್ಲಿ ಸಡಿಲವೆಲ್ಲ ಟೆನ್ಷನರ್ ಕಡೆಗೇ ಬಂದಿರುತ್ತೆ. ಬೇರೆ ಗಾಡಿಗೆ ಬೇರೆ ಜಾಗ. ಎಲ್ಲೆಂದರಲ್ಲಿ ನಿಲ್ಲಿಸಿ ಬಿಗಿ ಮಾಡಿದ್ರೆ ತಪ್ಪು ಜಾಗದಲ್ಲಿ ಬೀಗ ಬಿದ್ದ ಹಾಗೆ.

ಎರಡನೇದು ಯಮಹಾ ಎಕ್ಸ್‌ಎಸ್ 650 ಥರದ್ದು. ಮುಚ್ಚಳ ಬಿಚ್ಚಿದ್ರೆ ನಡುವೆ ಒಂದು ಕಡ್ಡಿ ಕಾಣುತ್ತೆ. ಅದರ ತುದಿ ಸುತ್ತಲಿನ ಅಡ್ಜಸ್ಟರ್ ಬೋಲ್ಟಿನ ತುದಿಗೆ ಸಮ ಬರೋವರೆಗೆ ತಿರುಗಿಸಬೇಕು. ಅಲ್ಲಿ ಅಳತೆ ಕಣ್ಣಿಗೆ ಕಾಣುತ್ತೆ. ಇದರಲ್ಲೂ ಸ್ಪ್ರಿಂಗ್ ಇದೆ.

ಮೂರನೇದು ಬರೀ ಸ್ಕ್ರೂ. ಸ್ಪ್ರಿಂಗ್ ಇಲ್ಲ, ಗುರುತಿಲ್ಲ, ನಿಮ್ಮ ಕೈ ಎಷ್ಟು ಹೇಳುತ್ತೋ ಅಷ್ಟು. ವಿಟಿಆರ್‌ನವರು ಹಾಕಿಕೊಂಡಿದ್ದು ಇದು. ನಾಪೋಕ್ಲು ಮೆಕ್ಯಾನಿಕ್ ಹೇಳ್ತಿರೋದೂ ಇದೇ. ಒಂದೇ ವ್ಯತ್ಯಾಸ ಅಂದ್ರೆ, ಅವರದ್ದು ಅಳತೆಗೆ ಮಾಡಿದ ಸಾಮಾನು, ಇವರದ್ದು ಡ್ರಿಲ್ ಮೆಷಿನ್ನಿನ ಸಾಹಸ.

ಸಂಪಾಜೆಯವ

ನಂದೊಂದು ಮಾತು ಮಾರಾಯ್ರೆ. ಇದೆಲ್ಲ ಘಾಟಿಯ ಕಿತಾಪತಿ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಪೂರಾ ಇಂಜಿನ್ ಬ್ರೇಕಲ್ಲೇ ಬರೋದು. ಆಗ ಚಕ್ರ ಇಂಜಿನನ್ನು ತಿರುಗಿಸ್ತದೆ, ಚೈನಿನ ಎಳೆತ ಉಲ್ಟಾ ಆಗ್ತದೆ, ಟೆನ್ಷನರ್ ಮೇಲೆ ಬೀಳ್ತದೆ. ಬಯಲುಸೀಮೆಯ ಸಿಡಿ 100 ಲಕ್ಷ ಕಿಲೋಮೀಟರ್ ಓಡ್ತದೆ, ನಮ್ಮದು ಅರ್ಧಕ್ಕೇ ಗಲಗಲ.

ಕಣಿಲೆ

ಸಂಪಾಜೆಯವರೇ, ಹಿಂದಿನ ಚಕ್ರದ ಚೈನಿಗೆ ನೀವು ಹೇಳಿದ್ದು ಸರಿ, ಅಲ್ಲಿ ಎಳೆತ ಉಲ್ಟಾ ಆಗುತ್ತೆ. ಟೈಮಿಂಗ್ ಚೈನಿಗೆ ಆಗಲ್ಲ. ಕ್ರ್ಯಾಂಕನ್ನ ಪೆಟ್ರೋಲ್ ತಿರುಗಿಸಲಿ, ಇಳಿಜಾರು ತಿರುಗಿಸಲಿ, ಕ್ಯಾಮನ್ನ ಎಳೆಯೋದು ಕ್ರ್ಯಾಂಕೇ, ಅದೇ ದಿಕ್ಕಿಗೇ.

ಟೆನ್ಷನರ್‌ಗೆ ಏಟು ಬೀಳೋದು ಬೇರೆ ಕಡೆಯಿಂದ. ಕ್ಯಾಮ್ ವಾಲ್ವನ್ನ ಪೂರ್ತಿ ಒತ್ತಿ ಶಿಖರ ದಾಟಿದ ಮೇಲೆ ವಾಲ್ವ್ ಸ್ಪ್ರಿಂಗ್ ಕ್ಯಾಮನ್ನೇ ಮುಂದಕ್ಕೆ ನೂಕುತ್ತೆ. ಆ ಕ್ಷಣ ಎಳೆಯುವ ಬದಿ ಸಡಿಲ, ಸಡಿಲ ಬದಿ ಬಿಗಿ. ಮತ್ತೆ ಮುಂದಿನ ವಾಲ್ವಿಗೆ ಉಲ್ಟಾ. ಒಂದೇ ಸಿಲಿಂಡರಿನ ಇಂಜಿನ್ ಐಡಲ್‌ನಲ್ಲಿ ಕುಂಟುತ್ತಾ ತಿರುಗುವಾಗ ಈ ಹಗ್ಗಜಗ್ಗಾಟ ಎದ್ದು ಕೇಳುತ್ತೆ. ಆಕ್ಸಿಲರೇಟರ್ ಥಟ್ಟಂತ ಬಿಟ್ಟಾಗಲೂ ಕ್ರ್ಯಾಂಕ್ ನಿಧಾನ ಆಗುತ್ತೆ, ಕ್ಯಾಮ್ ತನ್ನ ಓಟದಲ್ಲಿ ಮುನ್ನುಗ್ಗುತ್ತೆ. ನಾಪೋಕ್ಲು ಅವರು ಕೇಳ್ತಿರೋ 'ಬಿಟ್ಟಾಗಿನ ಜೋರು ಸದ್ದು' ಅದು.

ನಮ್ಮೂರಿಗೇ ವಿಶೇಷ ಅನ್ನೋ ಅಪಾಯ ಒಂದಿದೆ, ಘಾಟಿ ಇಳಿಯೋದಲ್ಲ. ತೋಟದ ಏರಿನಲ್ಲಿ ಗಾಡಿಯನ್ನ ಮೇಲ್ಮುಖವಾಗಿ ನಿಲ್ಲಿಸಿ, ಗೇರಿಗೆ ಹಾಕಿ ಹೋಗ್ತೀವಲ್ಲ, ಅದು. ಗಾಡಿ ಹಿಂದಕ್ಕೆ ಜಾರಿದ್ರೆ ಕ್ರ್ಯಾಂಕ್ ಉಲ್ಟಾ ತಿರುಗುತ್ತೆ. ಆಗ ನಿಜವಾಗಿ ಎಳೆತ ಟೆನ್ಷನರ್ ಬದಿಗೆ ಬರುತ್ತೆ. ಸ್ಪ್ರಿಂಗ್ ದುರ್ಬಲವಾಗಿದ್ರೆ ಒಳಕ್ಕೆ ಕುಸಿದು, ಸಡಿಲವೆಲ್ಲ ಆಚೆ ಬದಿಗೆ ಸೇರಿ, ಚೈನ್ ಹಲ್ಲು ಹಾರಬಹುದು. ಕ್ಯಾಮ್ ಸ್ಪ್ರಾಕೆಟ್ಟಿಗೆ 28 ಹಲ್ಲು ಅಂತಿಟ್ಟುಕೊಳ್ಳಿ. ಒಂದು ಹಲ್ಲು ಹಾರಿದ್ರೆ ಕ್ಯಾಮಿಗೆ 13 ಡಿಗ್ರಿಗೆ ಚೂರು ಕಮ್ಮಿ, ಕ್ರ್ಯಾಂಕ್ ಲೆಕ್ಕದಲ್ಲಿ ಅದರ ಎರಡರಷ್ಟು, ಹತ್ತಿರ ಹತ್ತಿರ 26. ಚಕ್ರದ ಹಿಂದೆ ಒಂದು ಕಲ್ಲು ಇಡಿ, ಅಷ್ಟು ಸಾಕು.

ಸಿಬಿ ಟ್ವಿನ್, ಸೋಮವಾರಪೇಟೆ

ನೋಡಿ, ನೀವೇ ಹೇಳಿದ್ರಿ. ಬೀಗ ಹಾಕಿದ ಮ್ಯಾನುಯಲ್ ಟೆನ್ಷನರ್ ಒಳಕ್ಕೆ ಕುಸಿಯಲ್ಲ.

ಕಣಿಲೆ

ಒಪ್ಪಿದೆ. ಅದೊಂದು ಅಂಕ ನಿಮಗೆ.

ಕುಶಾಲನಗರ ರ್‍ಯಾಚೆಟ್

ಆಟೋಮ್ಯಾಟಿಕ್ ಪಕ್ಷದವರಿಗೆ ನನ್ನ ಕತೆ ಹೇಳಿಬಿಡ್ತೀನಿ, ನಗಬೇಡಿ. ನನ್ನ ಗಾಡೀದು ರ್‍ಯಾಚೆಟ್ ತರದ ಟೆನ್ಷನರ್. ಕಡ್ಡಿಗೆ ಗರಗಸದ ಥರ ಹಲ್ಲು ಇರುತ್ತೆ, ಸ್ಪ್ರಿಂಗ್ ಮುಂದಕ್ಕೆ ತಳ್ಳುತ್ತೆ, ಹಿಂದಕ್ಕೆ ಬರದ ಹಾಗೆ ಒಂದು ಕೊಕ್ಕೆ ಹಿಡಿದಿರುತ್ತೆ. ಹಿಂಭಾಗದಲ್ಲಿ ಸ್ವಲ್ಪ ಆಯಿಲ್ ಜಿನುಗ್ತಿತ್ತು. ಎರಡು ಬೋಲ್ಟ್ ಸಡಿಲ ಮಾಡಿ, ಗ್ಯಾಸ್ಕೆಟ್ ಸರಿಪಡಿಸಿ ಹಾಗೇ ಬಿಗಿ ಮಾಡಿದೆ. ಪೂರ್ತಿ ಹೊರಗೆ ತೆಗೀಲೂ ಇಲ್ಲ. ಸಡಿಲ ಮಾಡಿದಾಗ ಕಡ್ಡಿ ಎರಡು ಹಲ್ಲು ಮುಂದೆ ಬಂದು ಕೂತಿದೆ, ನಾನು ಬೋಲ್ಟ್ ಬಿಗಿ ಮಾಡಿದಾಗ ಅಷ್ಟನ್ನೂ ಚೈನ್ ಮೇಲೇ ಒತ್ತಿದ್ದೀನಿ. ಹಿಂದಕ್ಕೆ ಹೋಗೋ ದಾರಿ ಅದಕ್ಕಿಲ್ಲವಲ್ಲ.

ಸದ್ದು ಪೂರ್ತಿ ನಿಂತಿತ್ತು! ಖುಷಿಯೋ ಖುಷಿ. ಒಂದು ವಾರಕ್ಕೆ ಸಣ್ಣಗೆ ಕುಯ್ಯ್ ಅನ್ನೋಕೆ ಶುರು. ಬಿಚ್ಚಿದ್ರೆ ಗೈಡ್ ಪಟ್ಟಿ ಅರ್ಧ ಕೆತ್ತಿಹೋಗಿತ್ತು, ಆಯಿಲ್ ಜಾಲರಿಯಲ್ಲಿ ಅದರ ಕಪ್ಪು ಪುಡಿ. ರ್‍ಯಾಚೆಟ್ ಟೆನ್ಷನರ್ ಬೋಲ್ಟ್ ಒಂದು ಸುತ್ತು ಸಡಿಲಿಸಿದ್ರೂ ಪೂರ್ತಿ ಹೊರತೆಗೆದು, ಕೊಕ್ಕೆ ಎತ್ತಿ ಕಡ್ಡಿಯನ್ನ ಒಳಕ್ಕೆ ದಬ್ಬಿ, ಹೊಸದಾಗಿ ಕೂರಿಸಬೇಕು. ನನಗೆ ಆಗ ಯಾರೂ ಹೇಳಲಿಲ್ಲ.

ನಾಪೋಕ್ಲು ಸಿಡಿ

ಎಲ್ಲ ಓದಿದೆ. ಕ್ಲಚ್ ಹಿಡಿದು ನೋಡಿದೆ ಮಾವ, ಸದ್ದು ನಿಲ್ಲಲ್ಲ. ಸ್ಕ್ರೂಡ್ರೈವರ್ ಇಟ್ಟಾಗ ಹೆಡ್ ಹತ್ತಿರ ಸುಮಾರು, ಮ್ಯಾಗ್ನೆಟ್ ಕವರ್ ಕೆಳಗೆ ಜೋರು. ಕಿವಿ ಕಪ್ಪಾಯ್ತು ಅಂತ ಅಮ್ಮ ಬೈದ್ರು.

ಒಂದು ಪ್ರಶ್ನೆ. ಬರೀ ಸ್ಕ್ರೂ ಹಾಕಿಸಿದ್ರೆ, ಸದ್ದು ನಿಲ್ಲೋವರೆಗೆ ತಿರುಗಿಸಿದ್ರೆ ಆಯ್ತಲ್ವಾ? ಅದರಲ್ಲಿ ತಪ್ಪೇನು?

ಕಣಿಲೆ

ತಪ್ಪು ಇರೋದು ಯಾವ ಹೊತ್ತಿನಲ್ಲಿ ತಿರುಗಿಸ್ತೀರಿ ಅನ್ನೋದರಲ್ಲಿ. ಡಿಸೆಂಬರ್ ಬೆಳಿಗ್ಗೆ ಏಳು ಗಂಟೆಗೆ, ಕೈ ಮರಗಟ್ಟೋ ಚಳೀಲಿ, ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿ ಸದ್ದು ನಿಲ್ಲೋವರೆಗೆ ತಿರುಗಿಸಿದ್ರಿ ಅನ್ನಿ. ಆಮೇಲೆ ಭಾಗಮಂಡಲದಿಂದ ತಲಕಾವೇರಿ ಹತ್ತಿದ್ರಿ. ಸಿಲಿಂಡರ್ ಮತ್ತೆ ಹೆಡ್ ಅಲ್ಯೂಮಿನಿಯಂ, ಚೈನ್ ಉಕ್ಕು. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತೆ. ಕ್ರ್ಯಾಂಕಿಂದ ಕ್ಯಾಮ್‌ವರೆಗೆ 150 ಮಿಮೀ ಎತ್ತರ, ಬಿಸಿ 100 ಡಿಗ್ರಿ ಏರಿತು ಅಂತ ಲೆಕ್ಕ ಹಾಕಿ. ಎತ್ತರ ಚೈನಿಗಿಂತ ಸುಮಾರು 0.16 ಮಿಮೀ ಹೆಚ್ಚಿಗೆ ಬೆಳೆಯುತ್ತೆ. ಚಿಕ್ಕದು ಅನ್ಸುತ್ತೆ. ಚೂರೂ ಸಡಿಲ ಬಿಡದೆ ಸ್ಕ್ರೂ ಬಿಗಿ ಮಾಡಿದ್ರೆ ಆ ಚಿಕ್ಕದಕ್ಕೆ ಹೋಗೋಕೆ ಜಾಗ ಇಲ್ಲ. ಬೇರಿಂಗ್, ರೋಲರ್, ಚೈನಿನ ಪಿನ್ ಎಲ್ಲದರ ಮೇಲೂ ಬೀಳುತ್ತೆ. ಸ್ಪ್ರಿಂಗ್ ಇದ್ದಿದ್ರೆ ಅಷ್ಟು ಹಿಂದೆ ಸರಿದು ಕೊಡ್ತಿತ್ತು.

ಇಂಜಿನ್ ಓಡ್ತಿರುವಾಗಲೇ ಸ್ಕ್ರೂ ಹಿಂದಕ್ಕೆ ತಿರುಗಿಸಿ 'ಸದ್ದು ಬರೋವರೆಗೆ ಬಿಡು, ಆಮೇಲೆ ಬಿಗಿ ಮಾಡು' ಅನ್ನೋರೂ ಇದ್ದಾರೆ. ಎರಡು ಸುತ್ತು ಜಾಸ್ತಿ ಬಿಟ್ರೆ ಹಲ್ಲು ಹಾರುತ್ತೆ. ನಾನಂತೂ ಮಾಡಲ್ಲ.

ಗ್ಯಾರೇಜ್ ಮಾವ, ಗೋಣಿಕೊಪ್ಪ

ಮೇಡಂ ಲೆಕ್ಕ ಹೇಳಿದ್ರು, ನಾನು ಕೈಕೆಲಸ ಹೇಳ್ತೀನಿ.

ಸಿಡಿ 100ರ ಟೆನ್ಷನರ್ ಹೀಗಿದೆ. ಮ್ಯಾಗ್ನೆಟ್ ಹಿಂದೆ ಒಂದು ತೋಳು, ಅದರ ತುದಿಗೆ ರಬ್ಬರ್ ಹೊದಿಸಿದ ರೋಲರ್. ಅದೇ ಚೈನನ್ನ ಒತ್ತೋದು. ಆ ತೋಳನ್ನ ಕೆಳಗಿಂದ ಒಂದು ಪುಷ್‌ರಾಡ್ ಎತ್ತಿ ಹಿಡಿದಿರುತ್ತೆ, ಅದರ ಕೆಳಗೆ ಸ್ಪ್ರಿಂಗ್, ಸ್ಪ್ರಿಂಗ್ ಕೆಳಗೆ ಸೀಲಿಂಗ್ ಬೋಲ್ಟ್. ರಾಡಿನ ಮನೆಯೊಳಗೆ ಆಯಿಲ್ ತುಂಬಿರುತ್ತೆ, ಏಟು ಬಿದ್ದಾಗ ಥಟ್ಟಂತ ಕುಸಿಯದ ಹಾಗೆ ಅದು ತಡೆಯುತ್ತೆ. ಬೋಲ್ಟ್ ಕೊರೆದು ಸ್ಕ್ರೂ ಹಾಕಿದ್ರೆ ಸ್ಪ್ರಿಂಗೂ ಹೋಯ್ತು, ಆಯಿಲ್ಲೂ ಹೋಯ್ತು, ಮೇಲಿಂದ ಸೋರಿಕೆ ಬೋನಸ್ಸು.

ಸ್ಪ್ರಿಂಗ್ ಕೆಳಗೆ ಎರಡು ವಾಷರ್ ಹಾಕಿ ಕಳಿಸೋರೂ ಇದ್ದಾರೆ. ವಯಸ್ಸಿನಲ್ಲಿ ನಾನೂ ಹಾಕಿದ್ದೀನಿ, ಸುಳ್ಳು ಹೇಳಲ್ಲ. ಗಿರಾಕಿ ಖುಷಿಯಾಗಿ ಹೋಗ್ತಾನೆ, ಆರು ತಿಂಗಳಿಗೆ ರೋಲರ್ ಸವೆಸಿಕೊಂಡು ವಾಪಸ್ ಬರ್ತಾನೆ.

ಈಗ ನೀನು ಮಾಡಬೇಕಾದ್ದು. ಗಾಡಿ ಮಧ್ಯ ಸ್ಟ್ಯಾಂಡ್ ಹಾಕಿ, ಕೆಳಗೆ ಒಂದು ಬೋಗುಣಿ ಇಡು. ಸೀಲಿಂಗ್ ಬೋಲ್ಟ್ ಬಿಚ್ಚು. ಆಯಿಲ್ ಬರುತ್ತೆ, ಸ್ಪ್ರಿಂಗೂ ರಾಡೂ ಬರುತ್ತೆ, ಯಾವುದು ಯಾವ ಕಡೆ ಇತ್ತು ನೋಡಿಕೋ. ರಾಡಿನ ತಲೆಗೆ ಚಿಕ್ಕ ರಬ್ಬರ್ ಇದೆ, ಅದರ ಸ್ಥಿತಿ ಬರಿ. ಆಮೇಲೆ ಹೆಡ್‌ನ ಎಡಗಡೆ ದುಂಡು ಕವರ್ ತೆಗಿ. ಮ್ಯಾಗ್ನೆಟ್ಟನ್ನ ಎಡಗಡೆಯಿಂದ ನೋಡಿದ್ರೆ ಗಡಿಯಾರದ ಉಲ್ಟಾ ದಿಕ್ಕಿಗೆ ತಿರುಗಿಸಿ, ಪಿಸ್ಟನ್ ತೀರಾ ಮೇಲೆ ಬಂತು ಅಂತ ತೋರಿಸೋ 'ಟಿ' ಗುರುತು ಕೂರಿಸು. ಕ್ಯಾಮ್ ಸ್ಪ್ರಾಕೆಟ್ ಮೇಲಿನ 'ಓ' ಗುರುತು ಹೆಡ್ಡಿನ ಕಚ್ಚಿಗೆ ಸರಿ ನಿಲ್ಲುತ್ತಾ ನೋಡು. ನಿಂತ್ರೆ ಚೈನ್ ಚೆನ್ನಾಗಿದೆ. ಹಿಂದೆ ಬಿದ್ದಿದ್ರೆ ಚೈನ್ ಮುದಿಯಾಗಿದೆ, ಟೆನ್ಷನರನ್ನ ಬೈದು ಪ್ರಯೋಜನ ಇಲ್ಲ.

ಟೂ ಸ್ಟ್ರೋಕ್ ಭಕ್ತ

ದಪ್ಪ ಆಯಿಲ್, 20ಡಬ್ಲ್ಯೂ 50 ಹಾಕಿ, ಸದ್ದು ಕೇಳಲ್ಲ.

ಗ್ಯಾರೇಜ್ ಮಾವ, ಗೋಣಿಕೊಪ್ಪ

ಕಿವಿಗೆ ಹತ್ತಿ ಇಟ್ಟುಕೊಂಡ್ರೂ ಕೇಳಲ್ಲ.

ನಾಪೋಕ್ಲು ಸಿಡಿ

ಭಾನುವಾರ ಬಿಚ್ಚಿದೆ. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ರು, ಒಂದೊಂದು ಬೋಲ್ಟೂ ಎಲ್ಲಿದು ಅಂತ ಹೇಳ್ತಾ.

ರಾಡಿನ ತಲೆಯ ರಬ್ಬರ್ ಕಲ್ಲಾಗಿದೆ, ಉಗುರು ಒತ್ತಿದ್ರೆ ಗುರುತು ಬೀಳಲ್ಲ, ಒಂದು ಮೂಲೆ ಉದುರಿಹೋಗಿದೆ. ಸ್ಪ್ರಿಂಗ್ ಕೆಳಗೆ... ಮಾವ, ನಗಬೇಡಿ... ಎರಡು ವಾಷರ್! ಅಪ್ಪನಿಗೆ ನೆನಪಿಲ್ಲವಂತೆ. ಅಂದ್ರೆ ಈ ಸದ್ದು ಹಿಂದೆಯೂ ಒಂದು ಸಲ ಬಂದಿತ್ತು, ಯಾರೋ ಬಾಯಿ ಮುಚ್ಚಿಸಿದ್ರು. 'ಫಿಲ್ ಇಟ್, ಷಟ್ ಇಟ್, ಫರ್ಗೆಟ್ ಇಟ್' ಅಂತ ಜಾಹೀರಾತು ಬರ್ತಿತ್ತಲ್ಲ, ನಮ್ಮನೇಲಿ ಮೂರನೇ ಮಾತನ್ನ ಮಾತ್ರ ಚಾಚೂ ತಪ್ಪದೆ ಪಾಲಿಸಿದ್ದೇವೆ.

'ಟಿ' ಕೂರಿಸಿ ನೋಡಿದಾಗ 'ಓ' ಗುರುತು ಕಚ್ಚಿಗಿಂತ ಹಿಂದೆ ಇದೆ. ಕಾಲು ಹಲ್ಲಿನಷ್ಟು ಅಂತ ನನ್ನ ಅಂದಾಜು.

ಕಣಿಲೆ

ಚೆನ್ನಾಗಿ ನೋಡಿದ್ದೀರಿ. ಈ ಚೈನಿನ ಪಿಚ್, ಅಂದ್ರೆ ಒಂದು ಪಿನ್ನಿಂದ ಮುಂದಿನ ಪಿನ್ನಿಗೆ ಇರೋ ದೂರ, ಕಾಲು ಇಂಚು, 6.35 ಮಿಮೀ. ಅದರ ಕಾಲು ಭಾಗ ಅಂದ್ರೆ 1.6 ಮಿಮೀ. ಎಳೆಯುವ ಬದಿಯಲ್ಲಿ 35 ಕೊಂಡಿ ಅಂತಿಟ್ಟುಕೊಂಡ್ರೆ ಒಂದೊಂದು ಕೀಲಿಗೆ 0.05 ಮಿಮೀಗೂ ಕಮ್ಮಿ ಸವೆತ, ತಲೆಗೂದಲಿಗಿಂತ ತೆಳು. ಚೈನ್ ರಬ್ಬರ್ ಹಾಗೆ ಎಳೆದುಕೊಂಡಿಲ್ಲ. ಪಿನ್ನೂ ಬುಷ್ಷೂ ಸವೆದು ಎಲ್ಲ ಸೇರಿ ಇಷ್ಟಾಗಿದೆ.

ಟೆನ್ಷನರ್ ಇರೋದು ಸಡಿಲ ಬದಿಯಲ್ಲಿ. ಎಳೆಯುವ ಬದಿ ಉದ್ದವಾದ್ರೆ ಕ್ಯಾಮ್ ತಡವಾಗಿ ತಿರುಗುತ್ತೆ, ಅದನ್ನ ಯಾವ ಟೆನ್ಷನರೂ ಸರಿ ಮಾಡಲ್ಲ, ಆಟೋ ಆಗಲಿ ಮ್ಯಾನುಯಲ್ ಆಗಲಿ. ಅದು ಸದ್ದನ್ನ ಮಾತ್ರ ಅಡಗಿಸುತ್ತೆ. ಏರು ಹತ್ತುವಾಗ ಗಾಡಿ ಸ್ವಲ್ಪ ಸೋಮಾರಿ ಅನ್ನಿಸ್ತಿತ್ತಾ?

ನಾಪೋಕ್ಲು ಸಿಡಿ

ಅನ್ನಿಸ್ತಿತ್ತು. ವಯಸ್ಸಾಗಿದೆ ಅಂದುಕೊಂಡಿದ್ದೆ.

ಸಿಬಿ ಟ್ವಿನ್, ಸೋಮವಾರಪೇಟೆ

ಈಗ ನಾನೊಂದು ಹೇಳ್ತೀನಿ, ಬೈಕೊಂಡ್ರೂ ಪರವಾಗಿಲ್ಲ. ಇದೇ ಗಾಡಿಗೆ ಲಾಕ್ ನಟ್ ಇದ್ದಿದ್ರೆ, ಪ್ರತಿ ಸಲ ತಿರುಗಿಸುವಾಗ 'ಇದೇನು ಇಷ್ಟು ಬೇಗ ಮುಂದೆ ಹೋಗ್ತಿದೆ' ಅಂತ ಅಪ್ಪನಿಗೆ ಹತ್ತು ವರ್ಷ ಮೊದಲೇ ಗೊತ್ತಾಗ್ತಿತ್ತು. ನಾನು ಹೇಳಿದ್ದು ಅಷ್ಟೇ. ಆಟೋ ಕೆಟ್ಟದ್ದು ಅಂತಲ್ಲ. ಅದು ಚೈನ್ ಸಾಯೋವರೆಗೆ ಬಾಯಿ ಬಿಡಲ್ಲ.

ಗ್ಯಾರೇಜ್ ಮಾವ, ಗೋಣಿಕೊಪ್ಪ

ಬೈಯಲ್ಲ. ನಿನ್ನ ಥರ ಆಯಿಲ್ ಬದಲಿಸುವಾಗೆಲ್ಲ ತಿರುಗಿಸಿ ನೋಡೋ ಗಿರಾಕಿ ನನಗೆ ಮೂವತ್ತು ವರ್ಷದಲ್ಲಿ ನಾಲ್ಕು ಜನ ಸಿಕ್ಕಿದ್ರೆ ಹೆಚ್ಚು. ಉಳಿದವರಿಗೆ ಲಾಕ್ ನಟ್ ಕೊಟ್ರೆ ಅದು ತುಕ್ಕು ಹಿಡಿಯುತ್ತೆ. ನಮ್ಮ ಮಳೇಲಿ ಕೇಳಲೇಬೇಡ, ಒಂದು ಮಳೆಗಾಲ ಕಳೆದ್ರೆ ಬೋಲ್ಟ್ ತಲೆ ಉರುಟಾಗುತ್ತೆ ಹೊರತು ತಿರುಗಲ್ಲ. ನಿನ್ನ ಸಿಬಿಗೆ ಅದೇ ಇರಲಿ, ಅದರ ಪಾಡಿಗೆ. ಈ ಸಿಡಿಗೆ ಕಂಪನಿ ಕೊಟ್ಟದ್ದೇ ಇರಲಿ.

ತಮ್ಮಾ, ಪಟ್ಟಿ ಬರ್ಕೋ. ಟೈಮಿಂಗ್ ಚೈನ್, ಟೆನ್ಷನರ್ ರೋಲರ್, ಪುಷ್‌ರಾಡ್ ತಲೆಯ ರಬ್ಬರ್, ಸ್ಪ್ರಿಂಗ್, ಸೀಲಿಂಗ್ ಬೋಲ್ಟಿನ ವಾಷರ್. ಸಿಲಿಂಡರ್ ನಡುವೆ ಇನ್ನೊಂದು ಗೈಡ್ ರೋಲರ್ ಇದೆ, ಅದನ್ನ ಬದಲಾಯಿಸಬೇಕಾದ್ರೆ ಹೆಡ್ ಎತ್ತಬೇಕು. ಹೆಡ್ ಎತ್ತಿದ ಮೇಲೆ ಗ್ಯಾಸ್ಕೆಟ್ಟೂ ಬೇಕು. ಬಲಗಡೆ ಕವರ್ ತೆಗೆದು ಆಯಿಲ್ ಜಾಲರಿ ತೊಳಿ, ಉದುರಿದ ರಬ್ಬರ್ ಚೂರು ಅಲ್ಲೇ ಇರುತ್ತೆ. ಈ ಗಾಡಿಗೆ ಪೇಪರ್ ಫಿಲ್ಟರ್ ಇಲ್ಲ, ಜಾಲರಿ ಮತ್ತೆ ಕ್ಲಚ್ ಮುಂದಿನ ತಿರುಗೋ ಡಬ್ಬಿ ಎರಡೇ. ಹಳೇ ವಾಷರ್ ಎರಡನ್ನೂ ನನಗೆ ತಂದುಕೊಡು, ಯಾರ ಕೈಕೆಲಸ ಅಂತ ಗುರುತು ಹಿಡೀತೀನಿ.

ನಾಪೋಕ್ಲು ಸಿಡಿ

ಮಾವ, ಅದು ನೀವೇ ಹಾಕಿದ್ದಾಗಿದ್ರೆ?

ಗ್ಯಾರೇಜ್ ಮಾವ, ಗೋಣಿಕೊಪ್ಪ

ಅಪ್ಪನ್ನ ಕೇಳು, ಗಾಡಿ ಯಾವತ್ತಾದ್ರೂ ಗೋಣಿಕೊಪ್ಪಕ್ಕೆ ಬಂದಿತ್ತಾ ಅಂತ. ಬಂದಿದ್ರೆ ಲೇಬರ್ ಚಾರ್ಜ್ ಬೇಡ.

ನಾಪೋಕ್ಲು ಸಿಡಿ

ಕೇಳಿದೆ. ಸಂತೆಗೆ ಬರ್ತಿದ್ರಂತೆ. ಹೆಚ್ಚು ಮಾತಾಡಲಿಲ್ಲ, ನಕ್ಕರು.

ಸಾಮಾನು ಎಲ್ಲ ಸಿಕ್ಕಿತು, ಗೈಡ್ ರೋಲರ್ ಒಂದು ಬರಬೇಕು. ಮ್ಯಾಗ್ನೆಟ್ ಪುಲ್ಲರ್ ಯಾರ ಹತ್ತಿರ ಇದೆ? ಇಲ್ಲಿ ಒಬ್ಬರು ಉಳಿ ಇಟ್ಟು ಸುತ್ತಿಗೇಲಿ ಹೊಡೆದು ತೆಗೀತೀನಿ ಅಂದ್ರು, ಓಡಿ ಬಂದೆ.

ಕುಶಾಲನಗರ ರ್‍ಯಾಚೆಟ್

ನನ್ನ ಹತ್ತಿರ ಇದೆ, ಸಿಡಿಗೆ ಸರಿಹೋಗುತ್ತೆ. ಶನಿವಾರ ಮಡಿಕೇರಿಗೆ ಬರ್ತಿದ್ದೀನಿ, ಬಸ್ ಸ್ಟ್ಯಾಂಡ್ ಹತ್ತಿರ ತಗೊಳ್ಳಿ. ವಾಪಸ್ ಕೊಡುವಾಗ ಒಂದು ಸೇರು ಕಾಫಿ ಪುಡಿ ಜೊತೆಗಿರಲಿ.